ಸತ್ತವಳ ಜಾಗ

ಚಟ್ಟೆಂದು ಒಂದು ಸದ್ದು. ತೆಳುವಾದ ಮಂಜುಗಡ್ಡೆ ಒಡೆದ ಸದ್ದು, ಅಷ್ಟೇ. ಕೊಪ್ಪರಿಗೆಯ ಕೆಳಗೆ ಸೌದೆ ತುರುಕುತ್ತಿದ್ದ ಕೆಜಾಯಳ ಕೈ ಅಲ್ಲೇ ನಿಂತಿತು.

ಹಗಲೆಲ್ಲ ಮೇಪಲ್ ಮರಗಳಿಂದ ತೊಟ್ಟಿಕ್ಕಿದ ಸಿಹಿನೀರು ರಾತ್ರಿಯ ಚಳಿಗೆ ತೊಗಟೆಯ ದೊನ್ನೆಗಳಲ್ಲಿ ಕೆನೆ ಕಟ್ಟಿದ ಹಾಗೆ ಹೆಪ್ಪುಗಟ್ಟುತ್ತದೆ. ಜಿಂಕೆಗಳು ಬಂದು ಕುಡಿಯುವುದುಂಟು. ಆದರೆ ಜಿಂಕೆ ಮೂತಿಯಿಂದ ಒತ್ತಿ ಒಡೆಯುತ್ತದೆ, ಒಡೆದೊಡನೆ ಲೊಚಲೊಚನೆ ನೆಕ್ಕುತ್ತದೆ. ಇದು ಒಡೆದು ಸುಮ್ಮನಾಯಿತು. ಯಾರಿಗಾದರೂ ಕೇಳಿಸಿತೋ ಏನೋ ಎಂದು ಕಿವಿಗೊಟ್ಟು ನಿಂತಿತು. ಹಾಗೆ ನಿಲ್ಲುವುದು ಮನುಷ್ಯ ಮಾತ್ರ. ಅದೂ ಹೆದರಿದ ಮನುಷ್ಯ, ಇಲ್ಲವೇ ಹೊಂಚು ಹಾಕಿದ ಮನುಷ್ಯ. ಸ್ವಲ್ಪ ಹೊತ್ತಿನ ಮೇಲೆ ಒಂದು ಕೆಮ್ಮು. ಹೊರಗೆ ಬರುವ ಮೊದಲೇ ನುಂಗಿಕೊಂಡದ್ದು.

ಬಂದರು, ಅಂದುಕೊಂಡಳು ಕೆಜಾಯ.

ಕೆಂಟಕಿಯ ಹೊಗೆಸೊಪ್ಪಿನ ತೋಟದಿಂದ ಅವಳು ಓಡಿಬಂದು ವರ್ಷಗಳೇ ಆಗಿದ್ದರೂ ಅವಳ ಕಿವಿ ಇನ್ನೂ ಓಡುತ್ತಲೇ ಇತ್ತು. ಬೆನ್ನಿಗೆ ಕಟ್ಟಿಕೊಂಡ ಲೆಟ್ಟಿ ಕುತ್ತಿಗೆಯ ಮೇಲೆ ಬಿಸಿಯುಸಿರು ಬಿಡುತ್ತಾ ಮಲಗಿದ್ದಳು. ಮಗು ಹುಟ್ಟಿದ್ದು ಇಲ್ಲೇ, ಮಿಶಿಗನ್ನಿನ ಈ ಕಾಡಿನ ಅಂಚಿನಲ್ಲಿ. ಆದರೆ ಕೆಂಟಕಿಯ ಒಡೆಯನ ಲೆಕ್ಕದಲ್ಲಿ ಹಸು ಯಾರದೋ ಕರುವೂ ಅವನದೇ. ಹಿಡಿಯುವವರು ಬಂದರೆ ಇಬ್ಬರನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತಾರೆ. ಮಾರುವಾಗ ಮಾತ್ರ ಬೇರೆ ಬೇರೆ.

ಅವಳು ಕೂಗಲಿಲ್ಲ. ತೊಗಟೆಯ ಗುಡಿಸಿಲಲ್ಲಿ ಮಲಗಿದ್ದ ಮುದುಕಿ ವಾಬ್ನೋಕ್ವೆಯನ್ನು ಎಬ್ಬಿಸಲೂ ಇಲ್ಲ. ಬೆಂಕಿಗೆ ಬೆನ್ನು ಕೊಟ್ಟರೆ ಮಗು ಬೆಂಕಿಯ ಕಡೆ, ಕತ್ತಲಿಗೆ ಬೆನ್ನು ಕೊಟ್ಟರೆ ಮಗು ಕತ್ತಲಿನ ಕಡೆ. ಹೇಗೆ ನಿಲ್ಲಬೇಕೆಂದು ತಿಳಿಯದೆ ಬೆಳಗಾಗುವ ತನಕ ತಿರುಗುತ್ತಲೇ ನಿಂತಿದ್ದಳು.

*

"ಏನೇ ಕರೀ, ಮುದುಕಿ ರಾತ್ರಿ ಎಷ್ಟು ಸಕ್ಕರೆ ನುಂಗಿದ್ಲು?"

ಎಲ್ಕಾನಾ ಪ್ರೌಟ್ ದಿನವೂ ಕುದುರೆ ಇಳಿಯುವ ಮೊದಲೇ ಕೇಳುವ ಮಾತು ಇದು. ಕಾಡು ಅವನದು. ಅಂದರೆ, ಈಗ ಅವನ ವಶದಲ್ಲಿ; ಹಳೆಯ ಮನೆಯವರ ಹಕ್ಕು ಕಾಗದದಲ್ಲಿ ಇನ್ನೂ ತೀರಿರಲಿಲ್ಲ. ಪೊಟವಾಟಮಿ ಎಂಬ ಮೂಲನಿವಾಸಿ ಕುಲದ ವಾಬ್ನೋಕ್ವೆಯ ಮನೆಯಲ್ಲಿ ಈ ಸಕ್ಕರೆಯ ಕಾಡು ತಾಯಿಯಿಂದ ಮಗಳಿಗೆ ಬಂದದ್ದು. ಅವಳ ಅಜ್ಜಿ ಹಾಕಿದ ಕಚ್ಚುಗಳು ಇನ್ನೂ ತೊಗಟೆಯ ಮೇಲಿದ್ದವು. ಈಗ ಅದೇ ಮರಗಳ ನೀರನ್ನು ಅವಳು ಪ್ರೌಟನಿಗೆ ಕಾಯಿಸಿ ಸಕ್ಕರೆ ಮಾಡಿಕೊಡುತ್ತಿದ್ದಳು, ಪಾಲಿಗೆ. ಕೆಜಾಯಳಿಗೆ ಪಾಲೂ ಇಲ್ಲ. ಅವನ ಜಮೀನಿನ ಮೂಲೆಯಲ್ಲಿ ಒಂದು ಗುಡಿಸಿಲು. ಅದಕ್ಕೆ ಬದಲಾಗಿ ಮರ ಕಡಿದು, ಬೇರು ಕಿತ್ತು, ಅವನಿಗೆ ಹೊಲ ಮಾಡಿಕೊಡಬೇಕು. ಹೊಲವಾದ ದಿನ ಗುಡಿಸಿಲು ಬಿಡಬೇಕು. ಪ್ರೌಟ್ ದೇವರಿಗೆ ಹೆದರುವವನು. ಗುಲಾಮರನ್ನು ಇಟ್ಟುಕೊಳ್ಳುವುದು ಪಾಪವೆಂದು ಭಾನುವಾರ ಎದ್ದು ನಿಂತು ಹೇಳುವವನು.

ಮೊದಲ ವರ್ಷವೇ ಅವನು ಕೆಜಾಯಳನ್ನು ಪಕ್ಕಕ್ಕೆ ಕರೆದು, ಮುದುಕಿಯ ಮೇಲೆ ಕಣ್ಣಿಡು, ಕಾಡುಜನ ಕಳ್ಳರು ಎಂದಿದ್ದ. ಮುದುಕಿಯನ್ನು ಇನ್ನೊಂದು ಪಕ್ಕಕ್ಕೆ ಕರೆದು, ಕರಿಯಳ ಮೇಲೆ ಕಣ್ಣಿಡು, ಒಮ್ಮೆ ಓಡಿದವಳು ಮತ್ತೆ ಓಡುತ್ತಾಳೆ ಎಂದಿದ್ದ. ಒಂದು ಸಂಜೆ ಪಾಕ ತಿರುವುವಾಗ ಈ ಗುಟ್ಟು ಇಬ್ಬರ ಬಾಯಿಂದಲೂ ಜಾರಿತು.

"ನಿಂಗೂ ಹೇಳವ್ನಾ?" ವಾಬ್ನೋಕ್ವೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು. "ಅಲ್ಲಾ ಕಣವ್ವ, ಒಂದು ನಾಯಿಗೆ ಇನ್ನೊಂದು ನಾಯಿ ಕಾವಲಾ! ಅವನಿಗೆ ದಿನಾ ಏನಾರ ಒಂದು ಎಸೀಬೇಕು, ಇಲ್ಲಾಂದ್ರೆ ಅನುಮಾನ ಬತ್ತದೆ."

"ಏನು ಎಸೆಯೋದು ಅಜ್ಜೀ?"

"ಮೂಳೆ. ಮಾಂಸ ಇಲ್ದಿರೋ ಮೂಳೆ. ಮುದುಕಿ ಒಂದು ಉಂಡೆ ಕದ್ಲು ಅನ್ನು. ಕರೀ ಹೆಂಗಸು ತೂಕಡಿಸಿದ್ಲು ಅಂತೀನಿ ನಾನು. ನಾಳೆ ಹೇಳೋದನ್ನ ಇವತ್ತೇ ಮಾತಾಡ್ಕೊಳ್ಳೋವ. ಮಾತಾಡ್ಕೊಳ್ದೆ ಏನೂ ಹೇಳ್ಬಾರ್ದು, ತಿಳೀತಾ?"

ಅಂದಿನಿಂದ ಹಾಗೇ ನಡೆದಿತ್ತು. ಆ ಬೆಳಗಿನ ಮೂಳೆಯೂ ಸಿದ್ಧವಿತ್ತು. ಪಾಕ ಉಕ್ಕದ ಹಾಗೆ ಕೊಪ್ಪರಿಗೆಯ ಮೇಲೆ ದಾರದಲ್ಲಿ ಇಳಿಬಿಟ್ಟ ಹಂದಿಕೊಬ್ಬಿನ ತುಂಡನ್ನು ಮುದುಕಿ ತಿಂದುಬಿಟ್ಟಳು ಎನ್ನಬೇಕಿತ್ತು.

ಆದರೆ ಪ್ರೌಟ್ ಕುದುರೆ ಇಳಿದವನೇ ಲೆಟ್ಟಿಯ ಗಲ್ಲ ಹಿಡಿದು ಮುಖ ಎತ್ತಿ ನೋಡಿದ.

"ಮರಿ ಚೆನ್ನಾಗಿ ಬೆಳೀತಾ ಐತೆ," ಎಂದ. "ಕೆಂಟಕಿ ಕಡೆಯೋರು ಯಾರೋ ಊರಿಗೆ ಬಂದವ್ರಂತೆ. ನನ್ನ ಕಣ್ಣಿಗಂತೂ ಬಿದ್ದಿಲ್ಲ."

ಸುಳ್ಳೇ ಇದ್ದೀತು. ಹಾಗೆ ಹೆದರಿಸುವುದು ಅವನ ಅಭ್ಯಾಸ. ಕೆಜಾಯಳಿಗೆ ಅದು ಗೊತ್ತಿತ್ತು, ಆದರೂ ರಾತ್ರಿಯ ಕೆಮ್ಮೇ ಕಿವಿಯಲ್ಲಿತ್ತು. ಹಂದಿಕೊಬ್ಬು ನೆನಪಿಗೆ ಬರಲಿಲ್ಲ.

"ದಣೀ, ರಾತ್ರಿ ಯಾರೋ ಬಂದಿದ್ರು."

"ಯಾರು?"

"ಗೊತ್ತಿಲ್ಲ ದಣೀ. ದೊನ್ನೆ ಮ್ಯಾಲಿನ ಮಂಜು ಒಡ್ದು ನೀರು ಕುಡುದ್ರು. ಕೆಮ್ಮಿದ್ರು. ನಮ್ಮನ್ನ ಹಿಡಿಯಾಕೆ ಬಂದೋರೇನೋ. ಮಗೀನ ಕಾಪಾಡಿ ದಣೀ, ನಿಮ್ಮ ಕಾಲು ಹಿಡೀತೀನಿ."

ಪ್ರೌಟ್ ಮರಗಳ ನಡುವೆ ಹೋಗಿ ಬಗ್ಗಿ ಬಗ್ಗಿ ನೋಡಿದ. ಒಂದು ಕಡೆ ಮಂಡಿಯೂರಿ ಮಂಜಿನ ಮೇಲೆ ಬೆರಳಾಡಿಸಿದ. ತಿರುಗಿ ಬಂದಾಗ ಅವನ ಮುಖ ಅರಳಿತ್ತು. "ಜಾಣೆ," ಎಂದು ಸಕ್ಕರೆಯ ಒಂದು ತುಂಡನ್ನು ಅವಳ ಅಂಗೈಯಲ್ಲಿಟ್ಟು, ತಾನೇ ಅವಳ ಬೆರಳುಗಳನ್ನು ಮಡಿಸಿದ. "ಮುದುಕಿಗೆ ಹೇಳ್ಬೇಡ."

ಕುದುರೆ ಊರಿನ ಕಡೆ ಓಡಿತು.

*

ಬಿಸಿಲೇರುವ ಹೊತ್ತಿಗೆ ವಾಬ್ನೋಕ್ವೆ ಅವಳ ರಟ್ಟೆ ಹಿಡಿದು ಗುಡಿಸಿಲೊಳಕ್ಕೆ ಎಳೆದುಕೊಂಡಳು.

ಒಳಗೆ ಚಾಪೆ ಹೊದ್ದು ಒಬ್ಬ ಹೆಂಗಸು ಕೂತಿದ್ದಳು. ಕಾಲಿನ ಮೆತ್ತನೆಯ ಚರ್ಮದ ಜೋಡು ಹರಿದು, ಒಳಗೆ ಸುತ್ತಿದ ಚಿಂದಿ ರಕ್ತಕ್ಕೆ ಅಂಟಿಕೊಂಡಿತ್ತು. ಕೆಮ್ಮು ಬಂದಾಗ ಎರಡೂ ಕೈಗಳನ್ನು ಬಾಯಿಗೆ ಒತ್ತಿಕೊಂಡು ನುಂಗಿದಳು. ಆ ಕೆಮ್ಮು ಯಾವುದೆಂದು ಕೆಜಾಯಳಿಗೆ ಕೂಡಲೇ ತಿಳಿಯಿತು.

"ಜೋಸೆತ್," ಎಂದಳು ಮುದುಕಿ, ಅವಳ ಕಡೆ ನೋಡದೆ.

ಜೋಸೆತ್ ಸತ್ತಿದ್ದಳು. ಆಚೆ ವರ್ಷ ಸೈನಿಕರು ಪೊಟವಾಟಮಿಗಳ ಹಳ್ಳಿಗಳನ್ನು ಸುತ್ತುವರಿದು, ಸಿಕ್ಕವರನ್ನೆಲ್ಲ ಬಂದೂಕುಗಳ ನಡುವೆ ದೊಡ್ಡ ನದಿಯಾಚೆಯ ಬಯಲಿಗೆ ನಡೆಸಿಕೊಂಡು ಹೋದಾಗ ವಾಬ್ನೋಕ್ವೆಯ ಈ ಒಬ್ಬಳೇ ಮಗಳೂ ಅವರಲ್ಲಿದ್ದಳು; ಕುಂಟುವ ಮುದುಕಿಯನ್ನು ಮಾತ್ರ ಪ್ರೌಟ್ ಸಕ್ಕರೆ ಕಾಯಿಸಲೆಂದು ಬಿಡಿಸಿ ಇಟ್ಟುಕೊಂಡಿದ್ದ. ದಾರಿಯಲ್ಲಿ ಜ್ವರ ಬಂದು ಸತ್ತಳೆಂದು ಸುದ್ದಿ ಬಂತು. ಮುದುಕಿ ಮುಖಕ್ಕೆ ಮಸಿ ಬಳಿದುಕೊಂಡು, ತಲೆ ಬಾಚದೆ ವರ್ಷವೆಲ್ಲ ಕೂತಳು. ವರ್ಷ ತುಂಬಿದ ಮೇಲೆ ಅವರಲ್ಲಿ ಸತ್ತವರ ಜಾಗವನ್ನು ಬರಿದಾಗಿ ಬಿಡುವುದಿಲ್ಲ. ನಾಲ್ಕು ಜನಕ್ಕೆ ಊಟ ಹಾಕಿ, ಯಾರಾದರೊಬ್ಬರಿಗೆ ಹೊಸ ಬಟ್ಟೆ ತೊಡಿಸಿ ಆ ಜಾಗದಲ್ಲಿ ಕೂರಿಸುತ್ತಾರೆ. ಕೂತವರು ಅಂದಿನಿಂದ ಆ ಮನೆಯ ಮಕ್ಕಳು. ಎಲೆ ಉದುರುವ ಕಾಲದಲ್ಲಿ ವಾಬ್ನೋಕ್ವೆ ಕೆಜಾಯಳನ್ನು ಕೂರಿಸಿದ್ದಳು. ನೀಲಿ ಬಟ್ಟೆ ಬೆಚ್ಚಗಿತ್ತು. ಕೆಜಾಯ ಒಪ್ಪಿಕೊಂಡದ್ದು ಹೆಚ್ಚಾಗಿ ಅದಕ್ಕೇ. ಅಜ್ಜೀ ಎನ್ನುತ್ತಿದ್ದವಳು ಅವ್ವಾ ಎನ್ನತೊಡಗಿದಳು; ಅದಕ್ಕೇನೂ ಖರ್ಚಿರಲಿಲ್ಲ.

ಈಗ ಜೋಸೆತ್ ಆ ನೀಲಿ ಬಟ್ಟೆಯನ್ನು ನೋಡುತ್ತಿದ್ದಳು.

"ಅದರ ಅಂಚು ಹೊಲ್ದೋಳು ನಾನು," ಎಂದಳು.

"ಸತ್ತೋಳು ಹೊಲ್ದಿದ್ದು," ಎಂದಳು ಮುದುಕಿ. "ಈಗ ಇವಳದು."

ಅಷ್ಟು ಹೇಳಿ ಜೋಳದ ಗಂಜಿಯ ಬಟ್ಟಲನ್ನು ನೆಲದ ಮೇಲಿಟ್ಟು ಮುಖ ತಿರುಗಿಸಿದಳು. ಸತ್ತವರಿಗೆ ಎಡೆ ಇಡುವುದು ಹಾಗೆ: ಕೈಗೆ ಕೊಡುವುದಿಲ್ಲ, ಉಣ್ಣುವುದನ್ನು ನೋಡುವುದಿಲ್ಲ. ಜೋಸೆತ್‌ಗೆ ಅರ್ಥವಾಯಿತು. ಬಟ್ಟಲು ಎಳೆದುಕೊಂಡು ಗಬಗಬನೆ ಉಂಡಳು.

"ಸತ್ತೋರಿಗೆ ಹಸಿವು ಜಾಸ್ತಿ ಕಣಕ್ಕ," ಎಂದು ಕೆಜಾಯಳ ಕಡೆ ನೋಡಿ ನಕ್ಕಳು. ನಗು ಅರ್ಧಕ್ಕೇ ಕೆಮ್ಮಾಯಿತು.

"ಎಂಗೆ ತಪ್ಪಿಸ್ಕೊಂಡೆ?"

"ನೀವು ತಪ್ಪಿಸ್ಕೋತೀರಲ್ಲ, ಹಂಗೇ. ರಾತ್ರಿ ನಡ್ದೆ, ಹಗಲು ಜೌಗಿನಾಗೆ ಬಿದ್ಕೊಂಡೆ. ಒಂದೇ ವ್ಯತ್ಯಾಸ. ನೀವು ಹುಟ್ಟಿದೂರು ಬಿಟ್ಟು ಓಡ್ತೀರಿ, ನಾನು ಹುಟ್ಟಿದೂರಿಗೆ ಓಡ್ಬಂದೆ." ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದುಕೊಂಡಳು. "ದಾರೀಲಿ ಅದೇ ಯೋಚ್ನೆ ಮಾಡ್ತಿದ್ದೆ. ನಿಮ್ಮ ಮೈ ಬೇಕು ಅವರಿಗೆ, ನಮ್ಮ ಮಣ್ಣು ಬೇಕು. ಅದಕ್ಕೇ ನಿಮ್ಮನ್ನ ಹಿಡ್ದು ಒಳಕ್ಕೆ ಎಳ್ಕೋತಾರೆ, ನಮ್ಮನ್ನ ಹಿಡ್ದು ಆಚೆಗೆ ದಬ್ತಾರೆ. ಹಗ್ಗ ಮಾತ್ರ ಒಂದೇ ಅಂಗಡೀದು."

"ಮೆತ್ತಗೆ ಮಾತಾಡು," ಎಂದಳು ಮುದುಕಿ ಗೋಡೆಗೆ. ಆಮೇಲೆ ಕೆಜಾಯಳ ಕಡೆ ತಿರುಗಿ, "ಬೆಳಿಗ್ಗೆ ಅವನಿಗೆ ಕೊಬ್ಬಿನ ಮಾತೇ ಹೇಳ್ದೆ ತಾನೇ?"

ಕೆಜಾಯಳ ಮುಚ್ಚಿದ ಮುಷ್ಟಿಯಲ್ಲಿ ಪ್ರೌಟ್ ಕೊಟ್ಟ ಸಕ್ಕರೆ ಕರಗಿ ಬೆರಳುಗಳು ಅಂಟಿಕೊಂಡಿದ್ದವು.

"ಹೂಂ ಅವ್ವಾ," ಎಂದಳು.

ಆಗಲೇ ಇಳಿಜಾರಿನಲ್ಲಿ ಗಾ‌ಡಿಯ ಸದ್ದು ಕೇಳಿಸಿತು.

*

ಜೋಸೆತ್‌ಳನ್ನು ಗುಡಿಸಿಲಲ್ಲಿ ಬಿಡುವಂತಿರಲಿಲ್ಲ. ಕೊಪ್ಪರಿಗೆಯ ಹಿಂದೆ ಸಿಹಿನೀರು ತುಂಬುವ ಉದ್ದನೆಯ ಮರದ ಮರಿಗೆಯೊಂದು ಕವುಚಿ ಬಿದ್ದಿತ್ತು. ಅದನ್ನೆತ್ತಿ ಅವಳನ್ನು ಮಂಜಿನ ಮೇಲೆ ಮಲಗಿಸಿ ಮತ್ತೆ ಕವುಚಿದರು. ಮರಿಗೆ ನೆಲ ಮುಟ್ಟುವುದಕ್ಕೂ ಪ್ರೌಟ್ ಮರಗಳ ನಡುವೆ ಕಾಣಿಸುವುದಕ್ಕೂ ಸರಿಹೋಯಿತು.

ಅವನ ಜೊತೆ ಬಂದವನು ಟ್ರಸ್ಕ್. ನದಿಯಾಚೆಗೆ ಹೋಗದೆ ಉಳಿದ, ಇಲ್ಲವೇ ತಪ್ಪಿಸಿಕೊಂಡು ಬಂದ ಪೊಟವಾಟಮಿಗಳನ್ನು ಹುಡುಕಿ ಗಾಡಿಗೆ ತುಂಬುವುದು ಅವನ ಗುತ್ತಿಗೆ. ಅವನು ಗುಡಿಸಿಲಿಗೆ ನುಗ್ಗಿ ಚಾಪೆಗಳನ್ನು ಒದ್ದ, ಹೊದಿಕೆಗಳನ್ನು ಹೊರಗೆಸೆದ. ಏನೂ ಸಿಗದೆ ಬಂದು, ಉಸ್ಸೆಂದು ಮರಿಗೆಯ ಮೇಲೆ ಕೂತ.

"ಲೇ ಮುದಿಗೂಬೆ, ಮಗಳೆಲ್ಲಿ?"

"ಸತ್ಲು."

"ಸತ್ತೋಳು ಮಂಜಿನ ಮೇಲೆ ಹೆಜ್ಜೆ ಮೂಡಿಸ್ತಾಳೇನೇ? ನಿಮ್ಮ ಜನದ ಮೆತ್ತನೆ ಜೋಡಿನ ಹೆಜ್ಜೆ. ಪ್ರೌಟ್ ಕಣ್ಣಾರೆ ನೋಡವ್ನೆ."

"ನನ್ನ ಹೆಜ್ಜೆ."

"ನೀನು ಕುಂಟಿ ಕಣೇ ಹಾದರಗಿತ್ತಿ! ಹೆಜ್ಜೆ ನೆಟ್ಟಗಿದಾವೆ."

ಲೆಟ್ಟಿಯ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ. ಅವಳು ಪುಟಪುಟನೆ ಹೋಗಿ, ಟ್ರಸ್ಕ್‌ನ ಬೂಟಿನ ಪಕ್ಕದಲ್ಲೇ ಬಗ್ಗಿ, ಮರಿಗೆಯ ಮೇಲೆ ಅಂಗೈಯಿಂದ ತಟ್ಟಿದಳು. "ಚಿಕ್ಕಿ..." ಎಂದು ಒಳಗಿದ್ದವಳನ್ನು ಕರೆಯಲು ಶುರುಮಾಡಿದಳು.

ಎಳೆದುಕೊಂಡರೆ ಟ್ರಸ್ಕ್ ಬಗ್ಗಿ ನೋಡುತ್ತಾನೆಂದು ಕೆಜಾಯ ನಿಂತಲ್ಲೇ ಉಳಿದಳು. ಮುದುಕಿಯ ಕೈ ಮಾತ್ರ ಓಡಿತು. ಸೌಟಿನಲ್ಲಿದ್ದ ಕುದಿಪಾಕವನ್ನು ಮಂಜಿನ ಮೇಲೆ ಚೆಲ್ಲಿ, ಅದು ಮೇಣದಂತೆ ಗಟ್ಟಿಯಾಗುತ್ತಿದ್ದಂತೆಯೇ ಉಂಡೆ ಕಟ್ಟಿ, ಮಗುವಿನ ಬಾಯಿಗೆ ತುರುಕಿದಳು. ಲೆಟ್ಟಿಯ ಹಲ್ಲಿಗೆ ಹಲ್ಲು ಅಂಟಿಕೊಂಡಿತು. ಕಣ್ಣಲ್ಲಿ ನೀರು ಬಂತು, ಬಾಯಿಂದ ಮಾತು ಬರಲಿಲ್ಲ.

"ಏನೋ ಅಂತಿತ್ತು ಮರಿ?" ಎಂದ ಟ್ರಸ್ಕ್.

"ಸಕ್ಕರೆ ಕೇಳ್ತು. ನಿಂಗೂ ಬೇಕಾ?"

"ಕೊಡು."

ಅವನು ಕೂತಲ್ಲೇ ಪಾಕ ಜಗಿದ. ಜಗಿಯುತ್ತಾ ಕಾಲಾಡಿಸಿದ. ಹಿಮ್ಮಡಿ ಮರಿಗೆಗೆ ಟಕ್ಕು ಟಕ್ಕೆಂದು ಬಡಿಯುತ್ತಿತ್ತು. ಒಳಗೆ ಒಂದು ಕೆಮ್ಮು ಬಂದರೆ ಮುಗಿಯಿತು. ಕೆಜಾಯ ಸುಮ್ಮನೆ ಸೌದೆ ಒಟ್ಟತೊಡಗಿದಳು, ಜೋರಾಗಿ, ಕೊರಡಿಗೆ ಕೊರಡು ಬಡಿದು.

"ನಿಲ್ಸೇ ಮುಂಡೆ, ತಲೆನೋವು!" ಎಂದ ಪ್ರೌಟ್. ಆಮೇಲೆ ಟ್ರಸ್ಕ್‌ಗೆ, "ಮುದುಕಿಗೆ ಕಪ್ಪಂಗಿ ಪಾದ್ರಿ ತಲೆ ಮೇಲೆ ನೀರು ಹಾಕವ್ನೆ. ಶಿಲುಬೆ ಹಿಡ್ದು ಸುಳ್ಳಾಡೋಳಲ್ಲ. ಪ್ರಮಾಣ ಮಾಡ್ಸು."

ವಾಬ್ನೋಕ್ವೆ ಕೊರಳಿನ ಶಿಲುಬೆಯನ್ನು ಹೊರತೆಗೆದು ಮುಷ್ಟಿಯಲ್ಲಿ ಹಿಡಿದಳು. ಅವಳ ದನಿ ನಡುಗಲಿಲ್ಲ.

"ನನ್ನ ಹೊಟ್ಟೇಲಿ ಹುಟ್ಟಿದ ಜೋಸೆತ್ ಸತ್ಲು. ಸತ್ತೋರಿಗೆ ಇಡೋ ಎಡೇನ ಇದೇ ಕೈಯಾಗೆ ಇಟ್ಟೀನಿ. ಈಗ ನಂಗಿರೋ ಮಗಳು ಒಬ್ಳೇ. ಇಗೋ, ಇವಳು."

ಬೆರಳು ಕೆಜಾಯಳ ಕಡೆಗಿತ್ತು.

ಟ್ರಸ್ಕ್ ಪಾಕ ಉಗಿದು ನಕ್ಕ. "ಗೂಬೆ ಗೂಡಾಗೆ ಕಾಗೆ ಮರಿ! ಆಗ್ಲಿ ಬಿಡು. ಇವಳ್ನೇ ಹತ್ತಿಸ್ಕೊಂಡು ಹೋಯ್ತೀನಿ. ನನಗೆ ತಲೆ ಲೆಕ್ಕ. ಬಣ್ಣ ಯಾವನು ನೋಡ್ತಾನೆ?"

"ಲೋ, ಅದು ನನ್ನ ಆಳು ಕಣೋ. ಕರಿಯೋಳು."

"ಕರಿಯೋಳಾದ್ರೆ ಬಿಡುಗಡೆ ಚೀಟಿ ತೋರ್ಸು. ಇಲ್ದಿದ್ರೆ ಸೆರೆಮನೇಲಿ ಹಾಕಿ ಕೆಂಟಕಿಗೆ ಸುದ್ದಿ ಕಳಿಸ್ತೀನಿ. ಕಾಡೋಳಾದ್ರೆ ಗಾಡಿ, ಕರಿಯೋಳಾದ್ರೆ ಜೈಲು. ಎರಡ್ರಾಗೆ ಯಾವುದು ನೀನೇ ಹೇಳಪ್ಪ." ಅವನು ಕೆಜಾಯಳ ಕಡೆ ತಿರುಗಿದ. "ಬೊಗಳೇ. ಯಾರ ಮಗಳು ನೀನು?"

ಆ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಯಾರ ಸೊತ್ತು ಎಂದು ಕೇಳಿದ್ದರು. ಹೆತ್ತವಳ ನೆನಪೆಂದರೆ ದೂರ ಹೋಗುವ ಗಾಡಿಯ ಹಿಂದೆ ಎದ್ದ ಧೂಳು. ಅಲ್ಲವೆಂದರೆ ಇವರು ಹುಡುಕುತ್ತಾರೆ, ಮರಿಗೆ ಎತ್ತುತ್ತಾರೆ. ಹೌದೆಂದರೆ ಗಾಡಿ. ಲೆಟ್ಟಿ ಅಂಟಿದ ಬಾಯಿಯನ್ನು ಎರಡು ಕೈಯಿಂದ ಉಜ್ಜಿಕೊಳ್ಳುತ್ತಾ ಅವಳ ಲಂಗಕ್ಕೆ ಜೋತುಬಿದ್ದಿದ್ದಳು.

"ಇವಳ ಮಗಳು," ಎಂದಳು ಕೆಜಾಯ.

ಪ್ರೌಟ್‌ನ ಕೈ ಅವಳ ಕೆನ್ನೆಗೆ ಬಿತ್ತು. ಎರಡನೆಯ ಏಟಿಗೆ ಎತ್ತಿದ ಕೈ ಮಾತ್ರ ಗಾಳಿಯಲ್ಲೇ ನಿಂತಿತು. ಅವನಿಗೆ ಏನೋ ಹೊಳೆದಿತ್ತು.

"ತಡಿ ತಡಿ. ಮುದುಕಿ ಶಿಲುಬೆ ಹಿಡ್ದು ಏನಂದ್ಲು? ಹೊಟ್ಟೇಲಿ ಹುಟ್ಟಿದೋಳು ಸತ್ಲು ಅಂತ ತಾನೇ? ಅಂದ್ರೆ ಈ ಕಾಡಿಗೆ ಅವರ ಕಡೆ ವಾರಸುದಾರಳು ಯಾರೂ ಇಲ್ಲ. ನೀನೇ ಸಾಕ್ಷಿ, ಟ್ರಸ್ಕ್. ಬರ್ಕೋ. ಸತ್ಲು."

"ಮತ್ತೆ ಈ ಹೊಸಾ ಮಗಳು?"

"ಕರಿಯೋಳು ಕಾಡಿಗೆ ವಾರಸುದಾರಳಾ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಹಿನೀರು ಇಳಿಯುವ ಕಾಲದಲ್ಲಿ ಆಳು ಬಿಟ್ಟುಕೊಡಲಾಗುವುದಿಲ್ಲ ಎಂದು ಹೇಳಿ, ಪ್ರೌಟ್ ಸಕ್ಕರೆ ತುಂಬಿದ ತೊಗಟೆಯ ಪೆಟ್ಟಿಗೆಯೊಂದನ್ನು ಟ್ರಸ್ಕ್‌ನ ಗಾಡಿಗೆ ಎತ್ತಿಹಾಕಿದ. ಅದು ಮುದುಕಿಯ ಪಾಲಿನದು. ಟ್ರಸ್ಕ್ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬರೆದ. ಎದ್ದಾಗ ಮರಿಗೆ ಕಿರ್ರೆಂದಿತು.

ವಾಬ್ನೋಕ್ವೆ ಶಿಲುಬೆಯನ್ನು ಬಟ್ಟೆಯೊಳಗೆ ಸೇರಿಸಿದಳು. ಅವಳು ಮರಗಳನ್ನು ನೋಡುತ್ತಿದ್ದಳು, ಒಂದೊಂದನ್ನೇ. ತಾನು ಏನು ಕೊಟ್ಟೆನೆಂಬುದು ಅವಳಿಗೆ ತಿಳಿದಿತ್ತು.

ಪ್ರೌಟ್ ಜೀನು ಬಿಗಿಯುವ ನೆಪದಲ್ಲಿ ಕೆಜಾಯಳ ಕಿವಿಯ ಹತ್ತಿರ ಬಗ್ಗಿದ. "ಸದ್ದು ಕೇಳಿದೋಳು ನೀನು. ನಿಮ್ಮವ್ವನಿಗೆ ಹೇಳಿಲ್ಲ ನಾನು. ಇನ್ನು ದಿನಾ ಹಿಂಗೇ ನಿಜ ಹೇಳ್ತಾ ಹೋಗು, ಹೇಳೋದೂ ಇಲ್ಲ."

*

ಮರಿಗೆ ಎತ್ತಿದಾಗ ಜೋಸೆತ್ ತನ್ನ ಜಡೆಯನ್ನೇ ಬಾಯಿಗೆ ತುರುಕಿಕೊಂಡು ಮಲಗಿದ್ದಳು. ತುಟಿ ನೀಲಿಗಟ್ಟಿತ್ತು.

ಕತ್ತಲಾದ ಮೇಲೆ ಹೊರಟರು. ವಾಬ್ನೋಕ್ವೆ ಹೊರಗೆ ಬರಲಿಲ್ಲ. ಹುರಿದ ಜೋಳ, ಸಕ್ಕರೆ, ತನ್ನದೇ ಹೊದಿಕೆ ಇಷ್ಟನ್ನೂ ಗಂಟು ಕಟ್ಟಿ ಬಾಗಿಲಾಚೆ ನೆಲದ ಮೇಲಿಟ್ಟು, ಬೆನ್ನು ತಿರುಗಿಸಿ ಕೂತಳು. ಜೋಸೆತ್ ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿ ಗಂಟು ಎತ್ತಿಕೊಂಡಳು.

ಕೆರೆಯ ದಂಡೆಯ ಕರಿಯರ ಕೇರಿಯಿಂದ ಕೆಲವು ರಾತ್ರಿ ಹುಲ್ಲಿನ ಗಾಡಿಯೊಂದು ಡೆಟ್ರಾಯಿಟ್ ಕಡೆಗೆ ಹೋಗುತ್ತದೆ. ಅಲ್ಲಿಂದ ಹೊಳೆ ದಾಟಿದರೆ ಬೇರೆ ದೇಶ, ಇಂಗ್ಲಿಷರ ರಾಣಿಯ ನೆಲ. ಅಲ್ಲಿ ಓಡಿಬಂದವರನ್ನು ಹಿಡಿದುಕೊಡುವುದಿಲ್ಲ. ದಾರಿಯುದ್ದಕ್ಕೂ ಜೋಸೆತ್ ಕೆಜಾಯಳ ಭುಜ ಹಿಡಿದು ನಡೆದಳು.

"ಅಕ್ಕಾ, ಮರಿಗೆ ಒಳಗೆ ನಂಗೆ ಮಾತು ಸರಿಯಾಗಿ ಕೇಳಲಿಲ್ಲ. ಪ್ರೌಟ್‌ಗೆ ನನ್ನ ಸುಳಿವು ಕೊಟ್ಟೋರು ಯಾರು?"

"ಗೊತ್ತಿಲ್ಲ."

"ಹುಡುಕು. ಆ ನಾಲಗೆ ಅವ್ವನ ಹತ್ರ ಸುಳೀದಂಗೆ ನೋಡ್ಕೊ."

"ನೋಡ್ಕೋತೀನಿ."

ಗಾಡಿಯವನು ಹುಲ್ಲು ಸರಿಸಿ, ಜೋಸೆತ್‌ಳ ಮುಖ ಕಂಡು ಹಿಂಜರಿದ. "ಇದು ಕಾಡೋರ ಹೆಂಗಸು. ನಮ್ಮೋರ್ಗೇ ಜಾಗ ಇಲ್ಲ. ಇವಳಿಗೋಸ್ಕರ ಸಿಕ್ಕಿಬಿದ್ರೆ ಕೇರೀನೇ ಸುಡ್ತಾರೆ ಕಣಮ್ಮ."

"ನನ್ನ ತಂಗಿ," ಎಂದಳು ಕೆಜಾಯ.

ಅವನು ಅವಳ ಬಟ್ಟೆ ನೋಡಿದ, ಮುಖ ನೋಡಿದ. ಗೊಣಗುತ್ತಾ ಹುಲ್ಲಿನಲ್ಲಿ ಜಾಗ ಮಾಡಿದ.

ಅವಳು ಹಿಂತಿರುಗಿದಾಗ ಮೂಡಣ ಬೆಳ್ಳಗಾಗುತ್ತಿತ್ತು. ಲೆಟ್ಟಿ ಮುದುಕಿಯ ಮಡಿಲಲ್ಲಿ ಮಲಗಿದ್ದಳು. ತುಟಿಯ ಅಂಚಿನಲ್ಲಿ ಸಣ್ಣ ಬೊಬ್ಬೆ ಎದ್ದಿತ್ತು. ಅದಕ್ಕೆ ಮುದುಕಿ ಕರಡಿ ಕೊಬ್ಬು ಹಚ್ಚಿದ್ದಳು.

"ಹತ್ತಿದ್ಲಾ?"

"ಹತ್ತಿದ್ಲು."

ವಾಬ್ನೋಕ್ವೆ ಮಗುವಿನ ಹೊದಿಕೆ ಸರಿಪಡಿಸಿದಳು. ಆಮೇಲೆ, "ನಂದೇ ತಪ್ಪು ಕಣವ್ವ," ಎಂದಳು. "ಅವಳು ನಸುಕಿನಾಗೆ ಹಿಂದ್ಗಡೆಯಿಂದ ಗುಡಿಸಿಲಿಗೆ ನುಸುಳಿದಾಗ್ಲೇ ನಾನು ಹೋಗಿ ಹೆಜ್ಜೆ ಅಳಿಸ್ಬೇಕಿತ್ತು. ಮಗಳ ಮುಖ ನೋಡ್ತಾ ಕೂತ್ಬಿಟ್ಟೆ. ಸತ್ತೋರ ಮುಖ ನೋಡ್ಬಾರ್ದು ಅಂತಾರೆ, ಆದ್ರೂ ನೋಡ್ದೆ. ಅದಕ್ಕೇ ಹಿಂಗಾಯ್ತು. ಮಗಳ್ನೂ ಕಳ್ಕೊಂಡೆ, ಕಾಡೂ ಕಳ್ಕೊಂಡೆ."

ಕೆಜಾಯ ಬಾಯಿ ತೆರೆದಳು. ಪ್ರೌಟನಿಗೆ ಹೇಳಿದವಳು ನಾನು ಎನ್ನಬೇಕಿತ್ತು. ಮುದುಕಿ ಮಗುವಿನ ಕೂದಲಲ್ಲಿ ಬೆರಳಾಡಿಸುತ್ತಾ ಅವಳನ್ನೇ ನೋಡುತ್ತಿದ್ದಳು, ಮಗಳನ್ನು ನೋಡುವ ಹಾಗೆ. ಈ ಜಾಗವೂ ಹೋದರೆ ತಾನು ಲೆಟ್ಟಿಯನ್ನು ಕಟ್ಟಿಕೊಂಡು ಎಲ್ಲಿ ಕೂರಬೇಕು?

"ಹೂಂ ಅವ್ವಾ," ಎಂದಳು. "ಅಳಿಸ್ಬೇಕಿತ್ತು."

ಯಾರಿಗೂ ಹೇಳುವುದಿಲ್ಲವೆಂದು ಆಗಲೇ ನಿಶ್ಚಯಿಸಿಕೊಂಡಳು. ಮುದುಕಿಗೆ ಹೇಳುವುದಿಲ್ಲ. ದೊಡ್ಡವಳಾದ ಮೇಲೆ ಲೆಟ್ಟಿಗೂ ಹೇಳುವುದಿಲ್ಲ. ಕೇರಿಯ ಪ್ರಾರ್ಥನೆಯಲ್ಲಿ ಜನ ಎದ್ದು ನಿಂತು ಎದೆ ಬಡಿದುಕೊಂಡು ಎಲ್ಲವನ್ನೂ ಹೇಳಿಕೊಳ್ಳುವಾಗಲೂ ತಾನು ಕೂತೇ ಇರಬೇಕು. ಮುದುಕಿ ಮಗುವನ್ನು ಅವಳ ಕೈಗೆ ಕೊಟ್ಟು, ಕುಂಟುತ್ತಾ ಮರಗಳ ನಡುವೆ ಹೋದಳು. ಕಾಲಿನಿಂದ ಮಂಜು ಎಳೆದೆಳೆದು, ಉಳಿದಿದ್ದ ಹೆಜ್ಜೆಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು.